ಹಿಂಡಿಯಿಂದ ಮಕ್ಕಳ ಆಹಾರ: ಡಾ. ವಿ. ಸುಬ್ರಹ್ಮಣ್ಯನ್

ಮಕ್ಕಳೇ, ಬಂಗಾರಪೇಟೆ, ಕೆ.ಜಿ.ಎಫ್. ಸುತ್ತಿನ ಕೆಂಪು ಹೊಲಗಳಲ್ಲಿ ಕಡಲೆಕಾಯಿ ಬೆಳೆಯುವುದನ್ನು ನೀವು ನೋಡಿರಬಹುದು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಯಾರಿಗೆ? ದನಕ್ಕೆ, ಅಲ್ಲವೇ? ಆ ಹಿಂಡಿಯಲ್ಲಿ ಪ್ರೋಟೀನು ತುಂಬಿದೆ. ಅದನ್ನು ಶುದ್ಧವಾಗಿ ತಯಾರಿಸಿ ಮಕ್ಕಳ ತಟ್ಟೆಗೆ ತರಲು ದುಡಿದವರು ಡಾ. ವಿ. ಸುಬ್ರಹ್ಮಣ್ಯನ್.

1902ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಕಡಲೆಬೀಜದಿಂದ ಹಾಲಿನಂಥ ಪಾನೀಯ ತಯಾರಿಸುವ ಸಂಶೋಧನೆಯಲ್ಲೂ ತೊಡಗಿದ್ದರು. 1950ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದರು.

ಆಗ ಬಡ ಮಕ್ಕಳನ್ನು ಕ್ವಾಷಿಯೋರ್ಕರ್ ಎಂಬ ಕಾಯಿಲೆ ಕಾಡುತ್ತಿತ್ತು. ಕಾಲು ಊದಿಕೊಳ್ಳುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ನೋಡಿದವರಿಗೆ ಮಗು ದಪ್ಪಗಿದೆ ಎನಿಸಬಹುದು! ನಮ್ಮ ಯಕೃತ್ತು, ಅಂದರೆ ಲಿವರ್, ಕೊಬ್ಬನ್ನು ಪ್ರೋಟೀನಿನ ಜೊತೆ ಸೇರಿಸಿ ರಕ್ತಕ್ಕೆ ಕಳಿಸುತ್ತದೆ. ಪ್ರೋಟೀನು ಸಾಲದಿದ್ದರೆ ಕೊಬ್ಬು ಯಕೃತ್ತಿನಲ್ಲೇ ಉಳಿದು ಅದು ಊದುತ್ತದೆ. ವಿಚಿತ್ರವೆಂದರೆ, ಈಗ ಅತಿಯಾಗಿ ತಿಂದು ಮೈ ಬಗ್ಗಿಸದವರ ಯಕೃತ್ತಿನಲ್ಲೂ ಕೊಬ್ಬು ಸೇರುತ್ತಿದೆ. ಅಂಥವರಿಗೆ ದಿನವೂ ನಡೆಯುವುದರಿಂದ ಅದು ಕಡಿಮೆಯಾಗುತ್ತದೆ.

ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಮೂರು ಪಾಲು ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟು ಬೆರೆಸಿ, ಜೀವಸತ್ವ, ಕ್ಯಾಲ್ಸಿಯಂ ಸೇರಿಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ತಯಾರಿಸಿದರು. ಹಾಲು ಕೊಳ್ಳಲಾಗದವರಿಗೂ ಪ್ರೋಟೀನು ಸಿಗಲಿ ಎಂಬುದು ಉದ್ದೇಶ. ಎಮ್ಮೆಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವೂ ಅದೇ ಸಂಸ್ಥೆಯಲ್ಲಿ ರೂಪುಗೊಂಡಿತು. 1960ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಅವುಗಳ ಯಕೃತ್ತು ಹಾಳಾಗಿತ್ತು. ತಿಂದದ್ದೇನು? ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ! ಬೂಷ್ಟು ಬಿಡುವ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದು ಯಕೃತ್ತಿನ ಕ್ಯಾನ್ಸರಿಗೂ ಕಾರಣ. ಯಕೃತ್ತನ್ನು ಕಾಪಾಡಬೇಕಾದ ಆಹಾರವೇ ಅದಕ್ಕೆ ಕೇಡಾಗಬಹುದೆಂಬ ಸುದ್ದಿ ಮೈಸೂರಿಗೆ ಎಷ್ಟು ಗಂಭೀರವಾಗಿತ್ತೆಂದು ಯೋಚಿಸಿ. ಹಿಂಡಿಯಿಂದ ಆ ವಿಷ ತೆಗೆಯುವ ಸಂಶೋಧನೆ ಮುಂದೆ ಅಲ್ಲಿಯೂ ನಡೆಯಿತು.

ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಾಯಿ ಕಿತ್ತ ಕೂಡಲೇ ಚೆನ್ನಾಗಿ ಒಣಗಿಸಬೇಕು. ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜ ಸಿಕ್ಕರೆ ಬಿಸಾಡಿ. ದನಕ್ಕೂ ಹಾಕಬೇಡಿ, ವಿಷದ ಅಂಶ ಹಾಲಿಗೂ ಬರುತ್ತದೆ.

ನಿವೃತ್ತಿಯ ನಂತರ ಸುಬ್ರಹ್ಮಣ್ಯನ್ ತಂಜಾವೂರು ಸೀಮೆಗೆ ಹೋಗಿ, ಮಳೆಗೆ ಸಿಕ್ಕಿದ ಭತ್ತ ಕೆಡದಂತೆ ಉಳಿಸುವ ಕೆಲಸದಲ್ಲಿ ತೊಡಗಿದರು. ಅವರು ತೀರಿಕೊಂಡದ್ದು 1979ರಲ್ಲಿ.