ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ (20 ಜೂನ್ 1869 – 26 ಸೆಪ್ಟೆಂಬರ್ 1956) ಭಾರತದ ಕೈಗಾರಿಕೋದ್ಯಮಿ ಹಾಗೂ ಕಿರ್ಲೋಸ್ಕರ್ ಉದ್ಯಮ ಸಮೂಹದ ಸ್ಥಾಪಕರು. ಬೆಳಗಾವಿಯಲ್ಲಿ ಬೈಸಿಕಲ್ ಮಾರಾಟ ಮತ್ತು ದುರಸ್ತಿಯಿಂದ ವ್ಯವಹಾರ ಆರಂಭಿಸಿದ ಇವರು, ಮುಂದೆ ಕಬ್ಬಿಣದ ನೇಗಿಲು ಮತ್ತು ಇತರ ಕೃಷಿ ಉಪಕರಣಗಳ ತಯಾರಿಕೆಯಿಂದ ಪ್ರಸಿದ್ಧರಾದರು.

ಆರಂಭಿಕ ಜೀವನ

ಲಕ್ಷ್ಮಣರಾವ್ ಅವರು ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತಿಯುಳ್ಳವರಾಗಿದ್ದರು. ಚಿತ್ರಕಲೆಯಲ್ಲಿ ಒಲವಿದ್ದ ಲಕ್ಷ್ಮಣರಾವ್ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಕೆಲವು ಬಣ್ಣಗಳನ್ನು ಗುರುತಿಸಲಾಗದ ದೃಷ್ಟಿದೋಷವಿದ್ದುದರಿಂದ ವರ್ಣಚಿತ್ರವನ್ನು ಕೈಬಿಟ್ಟು ಯಾಂತ್ರಿಕ ರೇಖಾಚಿತ್ರವನ್ನು ಕಲಿತರು. ಬಳಿಕ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ತಮಗೆ ಸಲ್ಲಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಆ ಹುದ್ದೆಯನ್ನು ತೊರೆದು ಬೆಳಗಾವಿಗೆ ಮರಳಿದರು.

ಬೆಳಗಾವಿಯ ಕಾರ್ಯಾಗಾರ

ಬೆಳಗಾವಿಯಲ್ಲಿ ಸಹೋದರ ರಾಮಚಂದ್ರರಾವ್ ಅವರ ಜೊತೆಗೂಡಿ ಬೈಸಿಕಲ್ ಅಂಗಡಿ ನಡೆಸಿದರು. ಕಿರ್ಲೋಸ್ಕರ್ ಸಮೂಹವು ತನ್ನ ಆರಂಭವನ್ನು 1888ರಿಂದ ಗಣಿಸುತ್ತದೆ. ಬೈಸಿಕಲ್ ಅಂದು ದುಬಾರಿಯಾದ ಅಪರೂಪದ ವಾಹನವಾಗಿದ್ದು, ಕೊಂಡವರಿಗೆ ಸವಾರಿ ಕಲಿಸುವುದೂ ದುರಸ್ತಿ ಮಾಡಿಕೊಡುವುದೂ ವ್ಯಾಪಾರದ ಭಾಗವಾಗಿದ್ದವು. ಅನಂತರ ಸಹೋದರರು ಸಣ್ಣ ಕಾರ್ಯಾಗಾರವೊಂದನ್ನು ತೆರೆದು ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳನ್ನು ತಯಾರಿಸತೊಡಗಿದರು.

ಕಬ್ಬಿಣದ ನೇಗಿಲು

1903ರ ಸುಮಾರಿಗೆ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಸಿದ್ಧವಾಯಿತು. ಕಬ್ಬಿಣದಿಂದ ಭೂಮಿಗೆ ವಿಷವೇರುತ್ತದೆಂಬ ನಂಬಿಕೆ ರೈತರಲ್ಲಿದ್ದುದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಬೇಕಾದವು.

ನಂಬಿಕೆಯ ಜೊತೆಗೆ ನಿರ್ವಹಣೆಯ ಪ್ರಶ್ನೆಯೂ ಇತ್ತು. ಮರದ ನೇಗಿಲು ಮುರಿದರೆ ಊರಿನ ಬಡಿಗೇರ ಮತ್ತು ಕಮ್ಮಾರರು ಅದನ್ನು ಸರಿಪಡಿಸುತ್ತಿದ್ದರು; ಅದಕ್ಕೆ ಪ್ರತಿಯಾಗಿ ರೈತರು ಸುಗ್ಗಿಯಲ್ಲಿ ಆಯದ ಕಾಳು ಕೊಡುತ್ತಿದ್ದರು. ಎರಕದ ಕಬ್ಬಿಣ ಬಿರುಕುಬಿಟ್ಟರೆ ಕುಲುಮೆಯಲ್ಲಿ ಕಾಯಿಸಿ ಬಡಿದು ಸರಿಪಡಿಸಲಾಗದು. ಮಣ್ಣಿಗೆ ಉಜ್ಜಿ ಕುಳ ಸವೆಯುತ್ತದೆ. ಎಳೆತಕ್ಕೆ ಬೋಲ್ಟುಗಳು ಸಡಿಲವಾಗುತ್ತವೆ. ಮಣ್ಣು ಮಗುಚುವ ಹಲಗೆಗೆ ತುಕ್ಕು ಹಿಡಿದರೆ ಜಿಗುಟಾದ ಎರೆ ಮಣ್ಣು ಅಂಟಿಕೊಂಡು ಎತ್ತುಗಳಿಗೆ ಭಾರ ಹೆಚ್ಚುತ್ತದೆ. ಉಳುಮೆ ಮುಗಿದೊಡನೆ ಮಣ್ಣು ತೊಳೆದು, ಒರೆಸಿ, ಎಣ್ಣೆ ಸವರಿ ಇಡುವುದು ಹಾಗೂ ಹಂಗಾಮಿಗೆ ಮೊದಲೇ ಸವೆದ ಕುಳವನ್ನು ಬದಲಿಸುವುದು ಅಗತ್ಯ. ಆದ್ದರಿಂದ ಬಿಡಿಭಾಗಗಳು ಸಕಾಲದಲ್ಲಿ ದೊರೆಯದಿದ್ದರೆ ಇಂಥ ನೇಗಿಲು ರೈತನಿಗೆ ನಿರುಪಯುಕ್ತವಾಗುತ್ತಿತ್ತು. ಅದನ್ನು ಎರಕ ಹೊಯ್ಯುವ ಕಾರ್ಖಾನೆ ಸಮೀಪದಲ್ಲೇ ಇರುವುದು ಈ ಕಾರಣಕ್ಕಾಗಿ ಮುಖ್ಯವಾಗಿತ್ತು.

ಅಥಣಿ, ಕಾಗವಾಡ, ರಾಯಬಾಗ ಮೊದಲಾದ ಕೃಷ್ಣಾ ತೀರದ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಆಳವಾಗಿ ಬೇರುಬಿಡುವ ಕರಿಕೆಯನ್ನು ಮರದ ನೇಗಿಲಿನಿಂದ ಕಿತ್ತುಹಾಕುವುದು ಕಷ್ಟ. ಇಂಥ ನೆಲವನ್ನು ಆಳವಾಗಿ ಉತ್ತು ಮಣ್ಣು ಮಗುಚಲು ಕಬ್ಬಿಣದ ನೇಗಿಲು ಹೆಚ್ಚು ಸಮರ್ಥವಾಗಿದೆ.

ಕಿರ್ಲೋಸ್ಕರವಾಡಿ

ಬೆಳಗಾವಿ ಪುರಸಭೆಯ ನಿರ್ಬಂಧದಿಂದಾಗಿ ಕಾರ್ಯಾಗಾರವನ್ನು ತೆರವುಗೊಳಿಸಬೇಕಾಯಿತು. ಆಗ ಔಂಧ್ ಸಂಸ್ಥಾನದ ರಾಜರು ನೆರವಿಗೆ ಬಂದು, ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಒದಗಿಸಿದರು. 1910ರಲ್ಲಿ ಅಲ್ಲಿ ಕಾರ್ಖಾನೆಯೂ ಕಾರ್ಮಿಕರ ವಸತಿಯೂ ಆರಂಭವಾದವು. ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿರುವ ಈ ಊರು ಕಿರ್ಲೋಸ್ಕರವಾಡಿ ಎಂದು ಹೆಸರಾಯಿತು. ಬೆಳಗಾವಿಯಿಂದ ರಾಯಬಾಗ, ಕುಡಚಿ, ಉಗಾರ ಮತ್ತು ಶೇಡಬಾಳ ಮಾರ್ಗವಾಗಿ ಮಿರಜ್ ತಲುಪುವ ರೈಲುಮಾರ್ಗವು ಮುಂದೆ ಪುಣೆಯ ಕಡೆಗೆ ಸಾಗುವಾಗ ಈ ಊರನ್ನು ಹಾದುಹೋಗುತ್ತದೆ.

ಕಾರ್ಖಾನೆಯ ವಸತಿಯಲ್ಲಿ ಲಕ್ಷ್ಮಣರಾವ್ ಅಸ್ಪೃಶ್ಯತೆಯನ್ನು ನಿಷೇಧಿಸಿದರು. ಶಿಕ್ಷೆ ಅನುಭವಿಸಿ ಬಂದವರನ್ನು ರಾತ್ರಿ ಕಾವಲುಗಾರರನ್ನಾಗಿ ನೇಮಿಸಿಕೊಂಡರು.

ನಂತರದ ಬೆಳವಣಿಗೆ

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಸಂಸ್ಥೆ ನೋಂದಣಿಯಾಯಿತು. ನೀರೆತ್ತುವ ಪಂಪುಗಳು ಅದರ ಪ್ರಮುಖ ಉತ್ಪನ್ನಗಳಾದವು. 1941ರಲ್ಲಿ ಹರಿಹರದಲ್ಲಿ ಯಂತ್ರೋಪಕರಣ ತಯಾರಿಸುವ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಸ್ಥಾಪನೆಯಾದವು. ಪುತ್ರ ಶಂತನುರಾವ್ ಕಿರ್ಲೋಸ್ಕರ್ (1903–1994) ಉದ್ಯಮವನ್ನು ವಿಸ್ತರಿಸಿದರು.

ನಿಧನ ಮತ್ತು ಸ್ಮರಣೆ

ಲಕ್ಷ್ಮಣರಾವ್ 26 ಸೆಪ್ಟೆಂಬರ್ 1956ರಂದು ನಿಧನರಾದರು. ಅವರ ಜನ್ಮಶತಮಾನೋತ್ಸವದ ಅಂಗವಾಗಿ ಭಾರತೀಯ ಅಂಚೆ ಇಲಾಖೆಯು 20 ಜೂನ್ 1969ರಂದು ಅಂಚೆಚೀಟಿ ಬಿಡುಗಡೆ ಮಾಡಿತು.