ಪಕ್ಷಿಬಂಧು ಸಲೀಂ ಅಲಿ

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಅನೇಕರ ಹಿರಿಯರು ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳಿಂದ ಬಂದು ಕಾಚಿಗೂಡದ ಸುತ್ತಮುತ್ತ ನೆಲೆಸಿದವರು. ಆ ಮೂರು ಜಿಲ್ಲೆಗಳೂ 1956ರವರೆಗೆ ಹೈದರಾಬಾದು ರಾಜ್ಯಕ್ಕೇ ಸೇರಿದ್ದುವು. ತೆಲುಗು, ಮರಾಠಿ, ಕನ್ನಡ ಈ ಮೂರು ನುಡಿಗಳ ಸೀಮೆಗಳನ್ನು ಒಳಗೊಂಡಿದ್ದ ಆ ವಿಸ್ತಾರವಾದ ಸಂಸ್ಥಾನಕ್ಕೆ 1931ರಲ್ಲಿ ಮುಂಬಯಿಯಿಂದ ಒಬ್ಬ ಸಣಕಲು ಮೈಯ ಮನುಷ್ಯನು ಬಂದನು. ಆತನು ವ್ಯಾಪಾರಕ್ಕಾಗಲಿ ಅಧಿಕಾರಕ್ಕಾಗಲಿ ಬಂದವನಲ್ಲ. ಇಲ್ಲಿಯ ಕಾಡುಮೇಡುಗಳಲ್ಲಿ ಯಾವ ಯಾವ ಹಕ್ಕಿಗಳಿವೆಯೆಂದು ನೋಡಿ ಬರೆದಿಡುವುದೇ ಆತನ ಉದ್ದೇಶವಾಗಿತ್ತು. ಅವರೇ ಮುಂದೆ ಲೋಕಪ್ರಸಿದ್ಧರಾದ ಡಾ. ಸಲೀಂ ಅಲಿಯವರು.

ಸಲೀಂ ಅಲಿಯವರು 1896ನೆಯ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಒಡಹುಟ್ಟಿದವರಲ್ಲಿ ಅವರೇ ಕಿರಿಯರು. ಮೂರು ವರ್ಷ ತುಂಬುವಷ್ಟರಲ್ಲಿ ತಂದೆತಾಯಿಗಳಿಬ್ಬರೂ ತೀರಿಹೋದುದರಿಂದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಆ ಮನೆಯಲ್ಲಿ ಬೇಟೆಯ ಹವ್ಯಾಸವಿತ್ತು. ಹುಡುಗನ ಕೈಗೂ ಒಂದು ಗಾಳಿಬಂದೂಕು ಬಂದಿತು. ಸುಮಾರು ಹತ್ತು ವಯಸ್ಸಿನಲ್ಲಿ ಆತನು ಗುಬ್ಬಿಯೊಂದನ್ನು ಹೊಡೆದು ಕೆಡವಿದನು. ಎತ್ತಿಕೊಂಡು ನೋಡಿದರೆ ಅದರ ಕೊರಳಿನಲ್ಲಿ ಹಳದಿಯ ಮಚ್ಚೆ! ಮನೆಯಂಗಳದ ಗುಬ್ಬಿ ಹೀಗಿರುವುದಿಲ್ಲವಷ್ಟೆ. ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಸಂದೇಹವೂ ಹುಟ್ಟಿ ಅದನ್ನು ಮಾವನ ಬಳಿಗೆ ಒಯ್ದನು. ಮಾವನು ಆತನನ್ನು ಮುಂಬಯಿ ನಿಸರ್ಗಚರಿತ್ರೆ ಸಂಘದ ಕಾರ್ಯದರ್ಶಿ ಮಿಲ್ಲರ್ಡ್ ಎಂಬವರ ಬಳಿಗೆ ಕಳುಹಿಸಿದರು. ಅಂಜುತ್ತಂಜುತ್ತ ಒಳಹೊಕ್ಕ ಬಾಲಕನಿಗೆ ಆ ದೊರೆಯು ಪೆಟ್ಟಿಗೆ ಪೆಟ್ಟಿಗೆಯಾಗಿ ಹಕ್ಕಿಗಳ ಚರ್ಮಗಳನ್ನು ತೆರೆದು ತೋರಿಸಿದರು. ಕೊಂದ ಹಕ್ಕಿಯೇ ಹಕ್ಕಿಯ ಲೋಕಕ್ಕೆ ಬಾಗಿಲಾದುದು ವಿಚಿತ್ರವಾದರೂ ನಿಜ.

ಕಾಲೇಜಿನ ಗಣಿತ ಅವರಿಗೆ ಹಿಡಿಸಲಿಲ್ಲ. 1914ರಲ್ಲಿ ಬರ್ಮಾದ ತವಾಯ್ ಪ್ರಾಂತಕ್ಕೆ, ಮನೆತನದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಹೋದರು. ಮರ ಕಡಿಸುವ ವ್ಯಾಪಾರಿಯ ಮಗ್ಗುಲಲ್ಲಿ ನಿಂತು ಕಾಡನ್ನು ಕಂಡ ಈ ಅನುಭವವು ನಿರರ್ಥಕವಾಗಲಿಲ್ಲವೆಂದು ನನ್ನ ಎಣಿಕೆ. ವ್ಯಾಪಾರವಂತೂ ಏಳಲಿಲ್ಲ. 1917ರಲ್ಲಿ ಹಿಂದಿರುಗಿ ಪ್ರಾಣಿಶಾಸ್ತ್ರವನ್ನು ಓದಿದರು. ಮರುವರ್ಷ ತಹಮೀನಾ ಎಂಬವರನ್ನು ವಿವಾಹವಾದರು. ಬಳಿಕ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಸಣ್ಣ ಉದ್ಯೋಗ, ಬರ್ಲಿನ್ ನಗರದಲ್ಲಿ ಸ್ಟ್ರೆಸೆಮನ್ ಎಂಬ ಪಂಡಿತರಲ್ಲಿ ಶಿಕ್ಷಣ. ಮರಳಿ ಬಂದಾಗ ಆ ಉದ್ಯೋಗವೇ ರದ್ದಾಗಿತ್ತು. ಮುಂಬಯಿಯ ಆಚೆಯ ಕಡಲತೀರದ ಕಿಹೀಂ ಎಂಬ ಹಳ್ಳಿಯಲ್ಲಿ ದಂಪತಿಗಳು ಬಿಡಾರ ಮಾಡಿದರು. ಕೆಲಸವಿಲ್ಲದ ಆ ದಿನಗಳಲ್ಲಿಯೇ ಅವರು ಗೀಜಗನ ಗೂಡುಗಳನ್ನು ತಿಂಗಳುಗಟ್ಟಲೆ ಕಾದು ನೋಡಿದುದು.

ಅಂಥ ಸಮಯದಲ್ಲಿ ಅವರಿಗೊಂದು ಯುಕ್ತಿ ಹೊಳೆಯಿತು. ಸಂಸ್ಥಾನಗಳ ಹಕ್ಕಿಗಳನ್ನು ಯಾರೂ ಕ್ರಮವಾಗಿ ಪರಿಶೀಲಿಸಿರಲಿಲ್ಲ. ಬಿಡಾರದ ಮತ್ತು ಪ್ರಯಾಣದ ವೆಚ್ಚವನ್ನು ಕೊಟ್ಟರೆ ಸಾಕು, ಸಂಬಳವಿಲ್ಲದೆ ದುಡಿಯುವೆನೆಂದು ಅವರು ಮುಂದೆ ಬಂದರು. ನಿಜಾಮ ಸರಕಾರ ಒಪ್ಪಿತು. 1931-32ರಲ್ಲಿ ತಹಮೀನಾ ಅವರೊಡನೆ ಡೇರೆಗಳನ್ನು ಹೊತ್ತುಕೊಂಡು ಸಂಸ್ಥಾನದ ಕಾಡುಗಳನ್ನು ಸುತ್ತಿದರು. ನಲ್ಲಮಲೆಯ ಸೆರಗಿನಲ್ಲಿರುವ ಅಮರಾಬಾದ ಪ್ರಸ್ಥಭೂಮಿಯೂ ಅವುಗಳಲ್ಲೊಂದು. ಅದುವರೆಗಿನ ಸಂಗ್ರಾಹಕರಲ್ಲಿ ಬಹುಮಂದಿಗೆ ಹಕ್ಕಿಯನ್ನು ಹೊಡೆದು, ಚರ್ಮವನ್ನು ಬಿಡಿಸಿ, ಚೀಟಿ ಕಟ್ಟಿದರೆ ಕಾರ್ಯ ಮುಗಿಯುತ್ತಿತ್ತು. ಸಲೀಂ ಅಲಿಯವರೂ ಮಾದರಿಗಳಿಗಾಗಿ ಬಂದೂಕು ಹಿಡಿದವರೇ. ಆದರೆ ಅವರ ಮುಖ್ಯ ಪ್ರಶ್ನೆಗಳು ಬೇರೆ: ಈ ಹಕ್ಕಿ ಯಾವ ಮರದಲ್ಲಿ ಕೂಡುತ್ತದೆ? ಏನನ್ನು ತಿನ್ನುತ್ತದೆ? ಎಂಥ ಕಾಡನ್ನು ಬಯಸುತ್ತದೆ? ಆ ಪರಿಶೀಲನೆಯ ಫಲಗಳು 1933-34ರಲ್ಲಿ ಮುಂಬಯಿ ಸಂಘದ ಪತ್ರಿಕೆಯಲ್ಲಿ ಪ್ರಕಟವಾದುವು.

ಇದೇ ಕಾಲದಲ್ಲಿ ಅವರು ಬದನಿಕೆಯನ್ನು ಕುರಿತು ಬರೆದರು. ಮಾವಿನ ಕೊಂಬೆಯ ಮೇಲೆ ಬೆಳೆದು ಅದರ ಸಾರವನ್ನು ಹೀರುವ ಈ ಬಂದಳಿಕೆಯನ್ನು ನೀವು ಕಂಡಿರಬಹುದು. ಸೂರಕ್ಕಿಗಳು ಅದರ ಹೂವಿನ ಮಧುವನ್ನು ಕುಡಿಯುತ್ತ ಪರಾಗವನ್ನು ಸಾಗಿಸುತ್ತವೆ. ಹೆಬ್ಬೆರಳಿಗಿಂತ ತುಸುವೇ ದೊಡ್ಡದಾದ ಬದನಿಕೆ ಹಕ್ಕಿ ಹಣ್ಣನ್ನು ನುಂಗಿ ಅಂಟುಬೀಜವನ್ನು ಇನ್ನೊಂದು ಕೊಂಬೆಗೆ ಹಚ್ಚುತ್ತದೆ. ಮರಕ್ಕೂ ಹಕ್ಕಿಗೂ ಇರುವ ನಂಟು ಎಷ್ಟು ಜಟಿಲವೆಂಬುದನ್ನು ಈ ಒಂದು ಸಂಗತಿಯಿಂದಲೇ ಊಹಿಸಬಹುದು.

ಇಲ್ಲಿ ಕಾಡು ಕಡಿಯುವ ಕ್ರಮದ ವಿಚಾರವಾಗಿ ಎರಡು ಮಾತು ಹೇಳಬೇಕು. ತೇಗ ಮೊದಲಾದ ಮರಗಳು ನೇರವಾಗಿ ಕೊಬ್ಬಿ ಬೆಳೆಯಲೆಂದು ಅರಣ್ಯಾಧಿಕಾರಿಗಳು ಅಡ್ಡಾದಿಡ್ಡಿ ಮರಗಳನ್ನೂ ಒಣಗಿದ ಮರಗಳನ್ನೂ ತೆಗೆಸಿ ಕಾಡನ್ನು ವಿರಳಗೊಳಿಸುವುದುಂಟು. ಬೆಳಕು ಬಿದ್ದು ಪೊದೆಗಳು ಚಿಗುರುತ್ತವೆ; ಪಿಕಳಾರದಂಥ ಪೊದೆಯ ಹಕ್ಕಿಗಳಿಗೆ ಅದು ಸುಗ್ಗಿ. ಆದರೆ ನಿರುಪಯೋಗಿಯೆಂದು ಕಡಿದ ಆ ಒಣಮರವೇ ಮರಕುಟಿಗನ ಮನೆ. ಮರಕುಟಿಗನು ಕೊರೆದು ಬಿಟ್ಟುಹೋದ ಪೊಟರೆಯಲ್ಲಿ ಗಿಳಿ, ಗೊರವಂಕ, ಹಾಲಕ್ಕಿಗಳು ಸಂಸಾರ ಹೂಡುತ್ತವೆ. ಇನ್ನು ಮಂಗಟ್ಟೆ ಹಕ್ಕಿಗೆ ಹಳೆಯ ಹೆಮ್ಮರದ ದೊಡ್ಡ ಪೊಟರೆಯೇ ಆಗಬೇಕು. ಹೆಣ್ಣು ಅದರೊಳಗೆ ಕುಳಿತು ಬಾಯಿಯನ್ನು ಮೆತ್ತಿಕೊಂಡರೆ ಗಂಡು ಒಂದು ಸಣ್ಣ ಸೀಳಿನಿಂದ ಅದಕ್ಕೆ ಉಣಿಸುತ್ತದೆ. ಹೀಗೆ ಒಂದೇ ಕೊಡಲಿಯ ಏಟು ಒಂದು ಹಕ್ಕಿಗೆ ಮನೆ ಕಟ್ಟಿಕೊಡುತ್ತದೆ, ಇನ್ನೊಂದರ ಮನೆಯನ್ನು ಕೆಡವುತ್ತದೆ.

1939ರಲ್ಲಿ ತಹಮೀನಾ ಅವರು ಅಕಾಲದಲ್ಲಿ ತೀರಿಕೊಂಡರು. ಸಂಗಾತಿಯನ್ನು ಕಳೆದುಕೊಂಡ ದುಃಖದಲ್ಲಿಯೇ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಪರಿಶೀಲನೆಯನ್ನು ಕೈಗೊಂಡರು. 1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕವು ಹೊರಬಂದಿತು. ರಿಪ್ಲಿ ಎಂಬ ಅಮೆರಿಕದ ವಿದ್ವಾಂಸರೊಡನೆ ಬರೆದ ಹತ್ತು ಸಂಪುಟಗಳ ಮಹಾಗ್ರಂಥವು 1968ರಿಂದ 1974ರ ಅವಧಿಯಲ್ಲಿ ಪ್ರಕಟವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಸಂದುವು. ಕೇರಳದ ಮೌನಕಣಿವೆಯ ಕಾಡು ಅಣೆಕಟ್ಟಿನಲ್ಲಿ ಮುಳುಗಬಾರದೆಂದು ವಾದಿಸಿದವರಲ್ಲಿ ಅವರೂ ಒಬ್ಬರು; ಆ ಕಾಡು ಉಳಿಯಿತು.

ಮಹಾಪುರುಷರ ಜೀವನವನ್ನು ಬರೆಯುವಾಗ ಅವರ ತಪ್ಪೆಣಿಕೆಗಳನ್ನು ಮುಚ್ಚಿಡುವ ರೂಢಿ ನಮ್ಮಲ್ಲಿದೆ. ಅದು ನನಗೆ ಸಮ್ಮತವಲ್ಲ. ರಾಜಸ್ಥಾನದ ಭರತಪುರದ ಜೌಗಿನಲ್ಲಿ ಸಾವಿರಾರು ನೀರುಹಕ್ಕಿಗಳು ಸೇರುತ್ತವೆ. ಅಲ್ಲಿ ಊರವರ ಎಮ್ಮೆಗಳು ಮೇಯುವುದು ಹಕ್ಕಿಗಳಿಗೆ ಹಾನಿಯೆಂದು ಸಲೀಂ ಅಲಿಯವರು ದೃಢವಾಗಿ ನಂಬಿದ್ದರು. 1982ರಲ್ಲಿ ಮೇವು ನಿಷೇಧವಾಯಿತು. ಊರವರು ಪ್ರತಿಭಟಿಸಿದರು, ಪೊಲೀಸರ ಗುಂಡಿಗೆ ಕೆಲವರು ಪ್ರಾಣ ಕಳೆದುಕೊಂಡರು. ಆಮೇಲೆ ಆದುದೇನು? ತಿನ್ನುವವರಿಲ್ಲದೆ ನೀರುಹುಲ್ಲು ಕೆರೆಯ ಮೇಲೆಲ್ಲ ಹಬ್ಬಿ ತೆರೆದ ನೀರು ಕಿರಿದಾಯಿತು; ಬಾತುಗಳು ಇಳಿಯಲು ತಾವಿಲ್ಲದಾಯಿತು. ಅವರದೇ ಆದ ಮುಂಬಯಿ ಸಂಘದ ಸಂಶೋಧಕರು 1980ರಿಂದ 1990ರವರೆಗೆ ಅಲ್ಲಿ ಅಭ್ಯಾಸ ಮಾಡಿ, ಎಮ್ಮೆಗಳಿಂದ ಹಕ್ಕಿಗಳಿಗೆ ಉಪಕಾರವೇ ಆಗುತ್ತಿತ್ತೆಂದು ಕಂಡುಹಿಡಿದರು. ಹುಲ್ಲು ಕೊಯ್ದು ಒಯ್ಯಲು ಊರವರಿಗೆ ಬಳಿಕ ಅವಕಾಶ ದೊರೆಯಿತು. ಸತ್ತವರು ಮಾತ್ರ ಹಿಂದಿರುಗಲಿಲ್ಲ.

1986ರ ಜನವರಿಯಲ್ಲಿ, ಸಲೀಂ ಅಲಿಯವರಿಗೆ ತೊಂಬತ್ತರ ಸಮೀಪವಾಗಿದ್ದಾಗ, ಒಂದು ಸಂತೋಷದ ವಾರ್ತೆ ಬಂದಿತು. 1900ರ ಅನಂತರ ಯಾರಿಗೂ ಕಾಣದೆ ನಿರ್ನಾಮವಾಯಿತೆಂದೇ ತಿಳಿಯಲಾಗಿದ್ದ ಜೆರ್ಡನನ ಓಟಹಕ್ಕಿಯು ಕಡಪಾ ಜಿಲ್ಲೆಯ ಕುರುಚಲು ಕಾಡಿನಲ್ಲಿ ಮುಂಬಯಿ ಸಂಘದವರಿಗೆ ಮತ್ತೆ ದೊರೆಯಿತು. ಇರುಳಿನಲ್ಲಿ ನೆಲದ ಮೇಲೆ ಓಡಾಡುವ ಹಕ್ಕಿ ಅದು. ಮರುವರ್ಷ, 1987ನೆಯ ಜೂನ್ 20ರಂದು, ಅವರು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಆ ಹಕ್ಕಿ ಎಂಥ ಕಾಡನ್ನು ಬಯಸುತ್ತದೆಂಬ, ಅವರು ಜೀವಮಾನವೆಲ್ಲ ಕೇಳಿದ ಪ್ರಶ್ನೆಗೆ ಉತ್ತರ ಅವರ ತರುವಾಯ ಸಿಕ್ಕಿತು. ಹೆಕ್ಟೇರಿಗೆ ಎರಡು ಮೀಟರಿಗಿಂತ ಎತ್ತರದ ಪೊದೆಗಳು ಸುಮಾರು 300ರಿಂದ 700ರವರೆಗೆ ಇದ್ದಲ್ಲಿ ಅದು ಹೆಚ್ಚಾಗಿ ಕಂಡುಬರುತ್ತದೆ. ಸೌದೆಗಾಗಿ ಪೊದೆಗಳನ್ನೆಲ್ಲ ಸವರಿ ಬಯಲು ಮಾಡಿದಲ್ಲಿ ಅದು ನಿಲ್ಲುವುದಿಲ್ಲ; ಯಾರೂ ಮುಟ್ಟದೆ ಒತ್ತಾಗಿ ಹೆಣೆದುಕೊಂಡ ಪೊದೆಗಳ ನಡುವೆಯೂ ನಿಲ್ಲುವುದಿಲ್ಲ.