ರಾವಣನನ್ನು ಕೊಂದವರು ಯಾರು?

ಮಕ್ಕಳೇ, ರಾವಣನನ್ನು ಕೊಂದವರು ಯಾರು ಎಂದು ಕೇಳಿದರೆ ನೀವೆಲ್ಲ ‘ರಾಮ’ ಎಂದು ಒಟ್ಟಿಗೆ ಕೂಗುತ್ತೀರಿ. ಆದರೆ ಸುಮಾರು ಒಂಬೈನೂರು ವರ್ಷಗಳ ಹಿಂದೆ ನಾಗಚಂದ್ರ ಎಂಬ ಕನ್ನಡ ಕವಿ ಬರೆದ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ! ನಾಗಚಂದ್ರ ಜೈನ ಕವಿ. ಜೈನರಿಗೆ ಅಹಿಂಸೆಯೇ ಎಲ್ಲಕ್ಕಿಂತ ದೊಡ್ಡ ಧರ್ಮ. ಅದೇ ಜನ್ಮದಲ್ಲಿ ಮೋಕ್ಷ ಪಡೆಯಬೇಕಾದ ರಾಮ ಕೊಲೆ ಮಾಡಬಹುದೇ? ಹಾಗಾಗಿ ಆ ಕೆಲಸ ತಮ್ಮನ ಪಾಲಿಗೆ ಬಂತು. ಈ ಕಾವ್ಯದ ರಾವಣನೂ ಬರೀ ದುಷ್ಟನಲ್ಲ. ಒಳ್ಳೆಯ ಗುಣಗಳಿದ್ದೂ ಎಡವಿದವನು, ಕೊನೆಗೆ ಪಶ್ಚಾತ್ತಾಪ ಪಟ್ಟವನು.

ಇಷ್ಟು ದೊಡ್ಡ ಕಥೆಯನ್ನು ಹೀಗೆ ಬದಲಿಸಬಹುದೇ? ಕನ್ನಡದ ಕವಿಗಳು ಸಾವಿರ ವರ್ಷಗಳಿಂದ ಬದಲಿಸುತ್ತಲೇ ಬಂದಿದ್ದಾರೆ. ಪಂಪನ ಭಾರತದಲ್ಲಿ ದ್ರೌಪದಿ ಐವರನ್ನು ಮದುವೆಯಾಗುವುದಿಲ್ಲ, ಅರ್ಜುನನನ್ನು ಮಾತ್ರ ವರಿಸುತ್ತಾಳೆ. ಗದುಗಿನ ಕುಮಾರವ್ಯಾಸನಂತೂ ತನ್ನ ಭಾರತದ ಆರಂಭದಲ್ಲೇ ತಮಾಷೆ ಮಾಡುತ್ತಾನೆ: ಬರೆದವರೆಲ್ಲ ರಾಮಾಯಣವನ್ನೇ ಬರೆದು, ಭೂಮಿ ಹೊತ್ತ ಆದಿಶೇಷ ಆ ಭಾರಕ್ಕೆ ತಿಣುಕುತ್ತಿದ್ದಾನಂತೆ!

ಅಷ್ಟೊಂದು ರಾಮಾಯಣಗಳಿದ್ದರೂ ಇನ್ನೊಂದನ್ನು ಬರೆದವರು ಕುವೆಂಪು. ನಿಮ್ಮಲ್ಲಿ ಕೆಲವರು ನಮ್ಮ ಕನ್ನಡ ಕೂಟದ ವೇದಿಕೆಯಲ್ಲಿ ಆಡಿರಬಹುದಾದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬರೆದವರೂ ಇವರೇ. 1904ರಲ್ಲಿ ಹುಟ್ಟಿ, ತೀರ್ಥಹಳ್ಳಿ ಹತ್ತಿರದ ಕುಪ್ಪಳಿಯಲ್ಲಿ, ಮಲೆನಾಡಿನ ಕಾಡಿನ ನಡುವೆ ಬೆಳೆದವರು. ಅವರ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ ಜ್ಞಾನಪೀಠ ಪ್ರಶಸ್ತಿ ಬಂತು. ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ ಅದು.

ಅದರಲ್ಲಿ ಹೊಸದೇನಿದೆ? ಮಂಥರೆಯನ್ನೇ ನೋಡಿ. ಕೈಕೇಯಿಯ ತಲೆ ಕೆಡಿಸಿ ರಾಮನನ್ನು ಕಾಡಿಗೆ ಕಳಿಸಿದ ಗೂನುಬೆನ್ನಿನ ಮುದುಕಿ ಎಂದಷ್ಟೇ ನಮಗೆ ಗೊತ್ತು. ಅವಳು ಹಾಗೇಕೆ ಮಾಡಿದಳು ಎಂದು ಕುವೆಂಪು ಕೇಳಿದರು. ಕುರೂಪಿ ಎಂದು ಜನ ದೂರವಿಟ್ಟ ಆ ಹೆಂಗಸಿಗೆ ಭರತನೇ ಪ್ರಾಣ. ತನ್ನ ಕೂಸಿಗೆ ಎಲ್ಲಿ ಅನ್ಯಾಯವಾಗುವುದೋ ಎಂಬ ಕುರುಡು ಮಮತೆ ಅವಳಿಂದ ಆ ಕೆಲಸ ಮಾಡಿಸಿತು. ಅವಳು ಮಾಡಿದ್ದು ತಪ್ಪೇ. ಆದರೂ ಓದುತ್ತಾ ಓದುತ್ತಾ ಅವಳನ್ನು ದ್ವೇಷಿಸಲು ಮನಸ್ಸು ಬರುವುದಿಲ್ಲ. ಇನ್ನು ಕಥೆಯ ಕೊನೆಯಲ್ಲಿ ಸೀತೆ ಬೆಂಕಿಗೆ ಇಳಿಯುತ್ತಾಳಲ್ಲ, ಪರೀಕ್ಷೆ ಅವಳೊಬ್ಬಳಿಗೇ ಏಕೆ? ಕುವೆಂಪು ಅವರ ರಾಮ ತಾನೂ ಅವಳ ಜೊತೆ ಬೆಂಕಿಗೆ ಇಳಿಯುತ್ತಾನೆ.

ಇದಕ್ಕೂ ಮೊದಲೇ ಅವರು ‘ಶೂದ್ರ ತಪಸ್ವಿ’ ಎಂಬ ನಾಟಕ ಬರೆದಿದ್ದರು. ಶಂಬೂಕ ಎಂಬ ಶೂದ್ರ ತಪಸ್ಸು ಮಾಡಿದ್ದರಿಂದಲೇ ತನ್ನ ಮಗ ಸತ್ತ ಎಂದು ಬ್ರಾಹ್ಮಣನೊಬ್ಬ ರಾಮನಿಗೆ ದೂರು ಕೊಡುತ್ತಾನೆ. ಹಳೆಯ ಕಥೆಯಲ್ಲಿ ರಾಮ ಶಂಬೂಕನ ತಲೆ ಕಡಿಯುತ್ತಾನೆ. ಹುಟ್ಟಿದ ಜಾತಿಯ ಕಾರಣಕ್ಕೆ ಒಬ್ಬ ಮನುಷ್ಯ ದೇವರನ್ನು ಧ್ಯಾನಿಸಬಾರದೇ? ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಬಾಣ ತಪಸ್ವಿಗೆ ನಮಸ್ಕರಿಸಿ, ಹಿಂದಿರುಗಿ, ದೂರು ಕೊಟ್ಟವನನ್ನೇ ಅಟ್ಟಿಸಿಕೊಂಡು ಬರುತ್ತದೆ! ತನ್ನ ತಪ್ಪು ತಿಳಿದು ಆ ಬ್ರಾಹ್ಮಣ ಶಂಬೂಕನಿಗೆ ತಲೆಬಾಗುತ್ತಾನೆ.

ಇದನ್ನು ಎಲ್ಲರೂ ಒಪ್ಪಲಿಲ್ಲ. ಕನ್ನಡದ ಇನ್ನೊಬ್ಬ ದೊಡ್ಡ ಲೇಖಕರಾದ ಮಾಸ್ತಿಯವರು ಪುರಾಣದ ಕಥೆಯನ್ನು ಹೀಗೆ ತಿರುಗಿಸುವುದು ಸರಿಯಲ್ಲ ಎಂದು ಆಕ್ಷೇಪಿಸಿದರು. ಕುವೆಂಪು ಅದಕ್ಕೆ ಉತ್ತರ ಕೊಟ್ಟರು. ನೀವು ಯಾರ ಕಡೆ? ಇವತ್ತು ಊಟದ ಹೊತ್ತಿನಲ್ಲಿ ಮನೆಯವರ ಜೊತೆ ವಾದ ಮಾಡಿ ನೋಡಿ.

ಒಂದು ಮಾತು ಮಾತ್ರ ನೆನಪಿರಲಿ. ಈ ಕವಿಗಳು ಹಳೆಯ ಕಥೆಯನ್ನು ಪೂರ್ತಿ ಅರಗಿಸಿಕೊಂಡ ಮೇಲೇ ಬದಲಿಸಿದ್ದು. ತೋಚಿದ್ದನ್ನೆಲ್ಲ ತುರುಕಲಿಲ್ಲ, ಎಲ್ಲಿ ಮನಸ್ಸು ಒಪ್ಪಲಿಲ್ಲವೋ ಅಲ್ಲಿ ಕೈಯಿಟ್ಟರು. ನೀವೂ ಮೊದಲು ಅಜ್ಜಿಯಿಂದಲೋ ಪುಸ್ತಕದಿಂದಲೋ ಕಥೆಯನ್ನು ಸರಿಯಾಗಿ ತಿಳಿದುಕೊಳ್ಳಿ. ಆಮೇಲೆ ಯಾರ ಮಾತನ್ನು ಯಾರೂ ಕೇಳಲಿಲ್ಲ ಎಂದು ಹುಡುಕಿ. ಅಣ್ಣ ರಾವಣ ಮಾಡಿದ್ದು ತಪ್ಪು ಎಂದು ಗೊತ್ತಿದ್ದೂ ಅವನಿಗಾಗಿ ಯುದ್ಧಕ್ಕೆ ಹೊರಟ ಕುಂಭಕರ್ಣ ಏನೆಂದುಕೊಂಡಿದ್ದ? ಗಂಡನಿಗೆ ಬುದ್ಧಿ ಹೇಳಿ ಸೋತ ಮಂಡೋದರಿ? ಅವರಲ್ಲಿ ಒಬ್ಬರ ಕಥೆಯನ್ನು ಒಂದು ಪುಟ ಬರೆದು ಕೂಟಕ್ಕೆ ಕಳಿಸಿ. ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ, ತಿದ್ದುವ ಕೆಲಸ ನಮ್ಮದು.